ಎರಡೇ ಪದಗಳ ಸಾಲು

"ಒಂದು ಮಾತು ಈಗಲೇ ಹೇಳಿಬಿಡ್ತೀನಿ. ನಾನು ಓದಿದ ಹಾಗೆ ನೀವು ಬರಬೇಕು. ನಾನು ನಿಂತರೆ ನೀವೂ ನಿಲ್ಲಬೇಕು. ನೀವು ಎಳೆದ ಕಡೆಗೆಲ್ಲ ನಾನು ಬರೋಳಲ್ಲ."

ಅವಳು ಅವನಿಗೆ ಹೇಳಿದ ಮೊದಲ ಮಾತು ಇದು. ಅದೂ ಮುಖ ನೋಡದೆ, ಕೊರಳಿನ ಹತ್ತಿರ ಮೈಕ್ ಸಿಕ್ಕಿಸಿಕೊಳ್ಳುತ್ತಾ.

ಕ್ಯಾಮೆರಾದ ಪಕ್ಕದಲ್ಲಿ, ದೀಪಗಳ ಬೆಳಕು ಮುಗಿಯುವ ಜಾಗದಲ್ಲಿ ಕೂತಿದ್ದ ಹೊಸಬ ತಲೆಯೆತ್ತಿದ. ನಲವತ್ತು ದಾಟಿದ ಮುಖ, ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು.

"ಸರಿ ಮೇಡಂ. ನಿಮ್ಮ ಹಿಂದೇನೇ ಇರ್ತೀನಿ."

ಅವನ ಕೆಲಸ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಗಾಜು ನಿಂತಿರುತ್ತದೆ. ಅದರ ಮೇಲೆ ಸುದ್ದಿಯ ಸಾಲುಗಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ಮನೆಯಲ್ಲಿ ಕೂತು ನೋಡುವವರಿಗೆ ಮಾತ್ರ, ಓದುವವಳು ತಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದಾಳೆ ಅನ್ನಿಸುತ್ತದೆ. ಆ ಸಾಲುಗಳನ್ನು ಹತ್ತಿಸುವ ಪುಟ್ಟ ತಿರುಗಣಿ ಅವನ ಬೆರಳಲ್ಲಿ. ಬೆರಳು ಅವಸರ ಮಾಡಿದರೆ ಓದುವವಳು ಏದುಸಿರು ಬಿಡಬೇಕು, ತಡ ಮಾಡಿದರೆ ಊರಿನ ಮುಂದೆ ಬಾಯಿ ತೆರೆದು ಕೂರಬೇಕು.

ಆ ಸಂಜೆಯ ಮೊದಲ ಸುದ್ದಿ ಕಾರ್ಖಾನೆಯ ಬಾಯ್ಲರ್ ಸಿಡಿದದ್ದು. ಸತ್ತವರ ಹೆಸರುಗಳನ್ನು ಓದುತ್ತಾ ಹೋದವಳು ಒಂದು ಹೆಸರಿನ ಮೇಲೆ ನಿಂತುಬಿಟ್ಟಳು. ಶಾಲೆಯಲ್ಲಿ ಅವಳ ಪಕ್ಕ ಒಂದೇ ಬೆಂಚಿನಲ್ಲಿ ಕೂತವಳ ಹೆಸರದು.

ಗಾಜು ನಿಂತಿತು.

ಮುಂದಿನ ಸಾಲು ಮೇಲಕ್ಕೆ ಬರಲಿಲ್ಲ, ಹಿಂದಿನದು ಮೇಲಕ್ಕೆ ಹೋಗಿ ಮರೆಯಾಗಲಿಲ್ಲ. ಆ ಹೆಸರೊಂದೇ ಅವಳ ಮುಂದೆ ಅಲುಗಾಡದೆ ನಿಂತು ಕಾಯಿತು. ಅವಳು ಉಸಿರು ತೆಗೆದುಕೊಂಡಳು. ಹೆಸರನ್ನು ಇನ್ನೊಮ್ಮೆ, ಪೂರ್ತಿಯಾಗಿ, ಮರ್ಯಾದೆಯಿಂದ ಓದಿದಳು. ಆಮೇಲೆಯೇ ಸಾಲು ಕದಲಿದ್ದು.

ಸುದ್ದಿ ಮುಗಿದ ಮೇಲೆ ಅವಳು ಅವನ ಕುರ್ಚಿಯ ಹತ್ತಿರ ಬಂದಳು.

"ನಾನು ನಿಲ್ತೀನಿ ಅಂತ ಹೇಗೆ ಗೊತ್ತಾಯ್ತು?"

"ಗೊತ್ತಾಗಲಿಲ್ಲ ಮೇಡಂ. ನೀವು ನಿಂತ್ರಿ, ನಾನೂ ನಿಂತೆ."

ಅಷ್ಟೇ ಮಾತು. ಆದರೆ ಮನೆಗೆ ಹೋಗುವವರೆಗೂ ಅವಳ ಎದೆಯಲ್ಲಿ ಅದೇ ಸುತ್ತುತ್ತಿತ್ತು. ಇಷ್ಟು ವರ್ಷದಲ್ಲಿ ತನಗಾಗಿ ಯಾರಾದರೂ ನಿಂತದ್ದು ಅವಳಿಗೆ ನೆನಪಿರಲಿಲ್ಲ.

ಕಥೆ ಇಲ್ಲಿಂದ ನೇರವಾಗಿ ಮದುವೆಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆಂದರೆ ಇವನು ಅವಳ ಹಿಂದೆ ಬರುತ್ತೇನೆಂದು ಒಪ್ಪಿಕೊಂಡ ಮನುಷ್ಯ. ಅವಳು ಹಳ್ಳದ ಕಡೆ ನಡೆದರೂ ಹಿಂದೆಯೇ ಬರುವವನು, ಅವಳ ಕಾಲಿಗೆ ಕಲ್ಲು ತಾಗದಿರಲಿ ಎಂದು ದಾರಿ ಗುಡಿಸಿಕೊಡುವವನು. ಅನಾಹುತ ಶುರುವಾದದ್ದು ಆ ಒಳ್ಳೆಯತನದಿಂದಲೇ.

*

ಊರಿನವರ ಬಾಯಲ್ಲಿ ಅವಳು 'ಏಳು ಗಂಟೆ ಅಕ್ಕ'.

ಮೊದಮೊದಲು ಆ ಪುಟ್ಟ ವಾಹಿನಿಯಲ್ಲಿ ಅವಳಿಗೆ ಕೊಟ್ಟದ್ದು ಕಳೆದುಹೋದ ಮಕ್ಕಳ ಪ್ರಕಟಣೆ, ನಲ್ಲಿ ನೀರು ಬಿಡುವ ಹೊತ್ತು, ಕರೆಂಟ್ ಹೋಗುವ ಬೀದಿಗಳು. ಅದನ್ನೂ ಅವಳು ಪಕ್ಕದ ಮನೆಯವರಿಗೆ ಹೇಳುವ ಹಾಗೆ ಓದಿದಳು. ಒಂದು ಸಲ ತಪ್ಪಿಸಿಕೊಂಡಿದ್ದ ಮಗು ಟೀವಿಯಲ್ಲಿ ತನ್ನ ಹೆಸರು ಕೇಳಿ, ಅಂಗಡಿಯೊಂದರ ಮೂಲೆಯಿಂದ ಎದ್ದು ಬಂದು, "ಆ ಅಕ್ಕ ನನ್ನನ್ನೇ ಕರೀತಿದ್ದಾರೆ" ಅಂದಿತಂತೆ. ಅಕ್ಕ ಅನ್ನುವುದು ಅಲ್ಲಿಂದ ಅಂಟಿಕೊಂಡಿತು. ಮುಂದೆ ಸಂಜೆ ಏಳರ ಸುದ್ದಿ ಅವಳ ಕೈಗೆ ಬಂತು, ಊರು ಗಡಿಯಾರ ನೋಡುವುದನ್ನು ಬಿಟ್ಟಿತು. ಕೊನೆಯಲ್ಲಿ ಅವಳು "ನಾಳೆ ಏಳಕ್ಕೆ ಸಿಗೋಣ" ಅಂದರೆ, ಹಾಸಿಗೆ ಹಿಡಿದ ಮುದುಕರು ಟೀವಿಗೇ "ಆಗಲಿ ಮಗಳೇ" ಅನ್ನುತ್ತಿದ್ದರು.

ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುತ್ತಾ ಅವಳ ಮದುವೆಯ ವಯಸ್ಸು ಸದ್ದಿಲ್ಲದೆ ದಾಟಿಹೋಯಿತು. ಅಮ್ಮ ಹೋದ ಮೇಲೆ ಅಣ್ಣ, ಅತ್ತಿಗೆ, ಅವರ ಮಗಳು ಪುಟ್ಟಿ... ಅವಳ ಮನೆ ಅಂದರೆ ಇಷ್ಟೇ.

ವಾಹಿನಿಯಲ್ಲಿ ಅವಳನ್ನು ಸಲಿಗೆಯಿಂದ ಬೈಯುವ ಹಕ್ಕಿದ್ದದ್ದು ಮೇಕಪ್ ಮಾಡುವ ಹಿರಿಯಳಿಗೆ ಮಾತ್ರ. ಎಲ್ಲರೂ ಆಕೆಯನ್ನು ಬಣ್ಣದಮ್ಮ ಅನ್ನುತ್ತಿದ್ದರು. ಹೊಸಬನಿಗೆ 'ತಿರುಗಣಿ ಸಾಹೇಬರು' ಎಂದು ಹೆಸರಿಟ್ಟವಳೂ ಅವಳೇ.

"ಒಂದು ಗಮನಿಸಿದ್ದೀಯಾ?" ಅಂದಳು ಬಣ್ಣದಮ್ಮ ಒಂದು ದಿನ, ಕೆನ್ನೆಗೆ ಪೌಡರ್ ಒತ್ತುತ್ತಾ. "ಊರಿಗೆಲ್ಲ ನೀನು ಅಕ್ಕ. ಗೇಟಿನ ಕಾವಲುಗಾರ ನಿನಗಿಂತ ಇಪ್ಪತ್ತು ವರ್ಷ ದೊಡ್ಡವನು, ಅವನೂ ಅಕ್ಕ ಅಂತಾನೆ. ತಿರುಗಣಿ ಸಾಹೇಬರೊಬ್ಬರೇ ಮೇಡಂ ಅನ್ನೋದು. ಯಾಕಿರಬಹುದು?"

"ಮರ್ಯಾದೆಗೆ."

"ಹೂಂ... ಮರ್ಯಾದೆಗೆ. ಅಕ್ಕ ಅಂತ ಒಂದು ಸಲ ಕರೆದುಬಿಟ್ಟರೆ ಆಮೇಲೆ ದಾರಿ ಮುಚ್ಚಿಹೋಗುತ್ತಲ್ಲ, ಆ ಮರ್ಯಾದೆಗೆ."

"ಸುಮ್ನಿರಿ ನೀವು."

ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಬಂದು ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಪುಟ್ಟಿ ತಲೆಯೆತ್ತಿ, "ತಿರುಗಣಿ ಮಾಮ ನಂಗೆ ಪೆನ್ಸಿಲ್ ಚೂಪು ಮಾಡಿಕೊಟ್ರು ಅತ್ತೆ" ಅಂದಳು.

"ನೋಡು," ಬಣ್ಣದಮ್ಮ ನಕ್ಕಳು. "ನಿನ್ನನ್ನ ಅತ್ತೆ ಅನ್ನುತ್ತೆ, ಅವರನ್ನ ಮಾಮ ಅನ್ನುತ್ತೆ. ಮಗು ಆಗಲೇ ಜೋಡಿ ಮಾಡಿ ಮುಗಿಸಿದೆ."

ಅವಳಿಗೆ ನಗು ಬಂತು. ನಗುತ್ತಾ ಎದ್ದವಳ ಮೊಣಕೈ ಎಡಗಡೆಯ ನೀರಿನ ಲೋಟಕ್ಕೆ ತಾಗಿತು. ಲೋಟ ಉರುಳಿ ನೀರು ಪುಟ್ಟಿಯ ಪುಸ್ತಕದ ಮೇಲೆಲ್ಲ ಹರಿಯಿತು.

"ಲೋಟ ಅಲ್ಲೇ ಇತ್ತಲ್ಲ ಅತ್ತೆ," ಅಂದಳು ಪುಟ್ಟಿ. "ನೀವೇ ಇಟ್ಟಿದ್ದು."

*

ಅವನು ಬಂದು ಮೂರು ವರ್ಷವಾಗಿತ್ತು. ಆ ವರ್ಷ ಅವಳ ಮೈತುಂಬ ಕಪ್ಪುಗಟ್ಟಿದ ಗುರುತುಗಳು. ಸೊಂಟಕ್ಕೆ ಮೇಜಿನ ಮೂಲೆ, ಭುಜಕ್ಕೆ ಬಾಗಿಲ ಚೌಕಟ್ಟು, ಮೊಣಕಾಲಿಗೆ ಸ್ಟುಡಿಯೋದ ದೀಪದ ಕಾಲು. ಎಲ್ಲವೂ ಪಕ್ಕದಿಂದಲೇ ಬರುತ್ತಿದ್ದವು. ನೇರ ಎದುರಿಗಿದ್ದದ್ದು ಅವಳಿಗೆ ಮೊದಲಿನಷ್ಟೇ ಸ್ಪಷ್ಟ. ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಮೈಮೇಲೆ ಗ್ಯಾನವೇ ಇಲ್ಲ ನಿನಗೆ," ಎಂದು ಅತ್ತಿಗೆ ಬೈಯುತ್ತಿದ್ದರು. "ಏನು ಯೋಚನೇಲಿ ಇರ್ತೀಯೋ."

ಯಾವ ಯೋಚನೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ನಾಚಿ ಸುಮ್ಮನಾಗುತ್ತಿದ್ದಳು. ಪ್ರೀತಿಯಲ್ಲಿ ಬಿದ್ದವರು ಎಡವುತ್ತಾರೆ, ಇದು ಅದೇ ಎಂದುಕೊಂಡಳು ಪಾಪ.

ಆದರೆ ಗಾಜಿನ ಹಿಂದಿನ ಕುರ್ಚಿಯಲ್ಲಿ ಕೂತವನಿಗೆ ಬೇರೆಯೇ ಏನೋ ಕಾಣುತ್ತಿತ್ತು.

ಒಂದು ಸಾಲು ಮುಗಿಸಿ ಮುಂದಿನ ಸಾಲಿನ ತಲೆ ಹಿಡಿಯಲು ಅವಳ ಕಣ್ಣು ಒಂದು ಗಳಿಗೆ ತಡಕಾಡುತ್ತಿತ್ತು. ಮನೆಯಲ್ಲಿ ನೋಡುವವರಿಗೆ ಗೊತ್ತಾಗದಷ್ಟು ಸಣ್ಣ ತಡವರಿಕೆ. ಅವನು ಅಕ್ಷರ ದೊಡ್ಡದು ಮಾಡಿ ನೋಡಿದ. ಇನ್ನೂ ಹೆಚ್ಚು ತಡವರಿಸಿದಳು. ಸಾಲನ್ನು ಕಿರಿದು ಮಾಡಿದ, ಆರು ಪದ ಇದ್ದಲ್ಲಿ ನಾಲ್ಕು. ಅವಳು ನೀರು ಹರಿದಂತೆ ಓದಿದಳು.

ಅಕ್ಷರ ಸಣ್ಣದಾದದ್ದಲ್ಲ ತೊಂದರೆ. ಅಂಚು ಕಾಣುತ್ತಿಲ್ಲ.

ಹೇಳಬೇಕು ಎಂದುಕೊಂಡ. ನಾಳೆ ಹೇಳುತ್ತೇನೆ ಎಂದುಕೊಂಡ. ಅದೇ ವಾರ, ಕಣ್ಣಿನ ಆಸ್ಪತ್ರೆಯ ಮುಂದಿನ ಬೀದಿಯಲ್ಲಿ, ಕೈಯಲ್ಲಿ ಆಸ್ಪತ್ರೆಯ ಕಡತ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಅವಳು ಎದುರಾದಳು. ಅವನನ್ನು ಕಂಡು ಗಲಿಬಿಲಿಗೊಂಡಳು.

"ನನ್ನನ್ನ ಇಲ್ಲಿ ನೋಡಿದ್ದು ಯಾರಿಗೂ ಹೇಳಬೇಡಿ. ಸಂಪಾದಕರ ಕಿವಿಗೆ ಬಿದ್ರೆ ನನ್ನ ಕಥೆ ಮುಗೀತು. ಕೈ ಮುಗೀತೀನಿ."

"ಇಲ್ಲ ಮೇಡಂ. ನನ್ನ ಬಾಯಿಂದ ಬರಲ್ಲ. ಮಾತು ಕೊಡ್ತೀನಿ."

ನಡೆದದ್ದು ಇಷ್ಟೇ. ಅತ್ತಿಗೆಯ ತಾಯಿಗೆ ಕಣ್ಣಿನ ಪೊರೆ ತೆಗೆಸಲು ಅವಳು ಜೊತೆಗೆ ಬಂದಿದ್ದಳು. ಆ ದಿನದ ಮೀಟಿಂಗ್ ತಪ್ಪಿಸಿಕೊಳ್ಳಲು ಸಂಪಾದಕರಿಗೆ ಜ್ವರ ಎಂದು ಸುಳ್ಳು ಹೇಳಿದ್ದಳು. ಸಿಕ್ಕಿಬೀಳುತ್ತೇನೆಂಬ ಹೆದರಿಕೆ, ಅದಕ್ಕೇ ಕೈ ಮುಗಿದದ್ದು. ಆ ಕಡತದಲ್ಲಿದ್ದದ್ದು ಮುದುಕಿಯ ಕಣ್ಣಿನ ವಿಚಾರ.

ಅವನು ತಿಳಿದದ್ದೇ ಬೇರೆ. 'ಅವಳಿಗೆ ಗೊತ್ತಿದೆ. ಔಷಧಿ ನಡೀತಿದೆ. ಕುರ್ಚಿ ಹೋಗುತ್ತೆ ಅಂತ ಬಚ್ಚಿಡ್ತಿದ್ದಾಳೆ. ಬಚ್ಚಿಡಲಿ. ನಾನಿದ್ದೀನಲ್ಲ...'

ಅಂದಿನಿಂದ ಅವನು ಬಾಯಿಗೆ ಬೀಗ ಹಾಕಿಕೊಂಡ. ಸಾಲು ಮಾತ್ರ ಕಿರಿದಾಗುತ್ತಾ ಹೋಯಿತು. ನಾಲ್ಕು ಪದ ಮೂರಾಯಿತು. ಮೂರು ಎರಡಾಯಿತು. ದಿನಕ್ಕೆ ಕೂದಲೆಳೆಯಷ್ಟು ಬದಲಾವಣೆ, ಅವಳಿಗೇ ಗೊತ್ತಾಗದ ಹಾಗೆ. ಅವಳ ಕಣ್ಣಿನ ಅಂಚುಗಳು ಒಂದೊಂದಾಗಿ ಆರುತ್ತಿದ್ದವು, ಅವನು ಪ್ರೀತಿಯಿಂದ, ಎಚ್ಚರಿಕೆಯಿಂದ ಆ ಕತ್ತಲೆಯನ್ನು ಅವಳಿಂದಲೇ ಮುಚ್ಚಿಡುತ್ತಿದ್ದ.

ಒಂದೇ ಒಂದು ಸಲ ಅವನು ಕೇಳಿದ. "ಔಷಧಿ ಸರಿಯಾಗಿ ತಗೋತಿದ್ದೀರಾ ಮೇಡಂ?"

ಅವಳಿಗೆ ಆಗ ಶೀತವಾಗಿತ್ತು. "ತಗೋತಿದ್ದೀನಿ, ನೀವು ಕೇಳಿದ ಮೇಲೆ ಅರ್ಧ ವಾಸಿಯಾಯ್ತು" ಅಂದಳು, ನಕ್ಕಳು.

ಆ ನಗು ಅವನಿಗೆ ವಾರಗಟ್ಟಲೆ ಸಾಕಾಯಿತು.

*

ಗುಟ್ಟು ಹೊರಗೆ ಬಂದದ್ದು ಬೆಳಗಿನ ಸುದ್ದಿ ಓದುವ ಹುಡುಗಿಯಿಂದ.

ಸಂಪಾದಕರು ಅವಳನ್ನು ಏಳು ಗಂಟೆಗೆ ಒಮ್ಮೆ ಕೂರಿಸಿ ನೋಡುವ ಯೋಚನೆಯಲ್ಲಿದ್ದಾರೆ ಎಂಬ ಗುಸುಗುಸು ಆಗಲೇ ಇತ್ತು. ಆ ಮಧ್ಯಾಹ್ನ ಹುಡುಗಿ ಸುಮ್ಮನೆ ಅಕ್ಕನ ಕುರ್ಚಿಯಲ್ಲಿ ಕೂತು ಗಾಜಿನ ಕಡೆ ನೋಡಿದಳು.

"ಅಯ್ಯೋ, ಇದೇನು? ಸಾಲಿಗೆ ಎರಡೇ ಪದ? ಒಂದನೇ ಕ್ಲಾಸಿನ ಪುಸ್ತಕ ಇದ್ದ ಹಾಗಿದೆ. ಅಕ್ಕನಿಗೆ ಇಷ್ಟು ಬಿಡಿಸಿ ಬಿಡಿಸಿ ಕೊಡಬೇಕಾ?"

ಕೇಳಿಸಿಕೊಂಡ ಒಂದಿಬ್ಬರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅವಳಿಗೆ ಎಲ್ಲವೂ ಕೇಳಿಸಿತು.

ಅವಳ ಮುಖ ಬಿಸಿಯಾಯಿತು. ಹಾಗಾದರೆ ತಿರುಗಣಿ ಸಾಹೇಬರು ನನ್ನನ್ನು ಹೀಗೆ ನೋಡುತ್ತಿದ್ದರಾ? ನಾಲ್ಕು ವರ್ಷ ಎದುರಿಗೆ ಕೂತು, ನನಗೆ ವಯಸ್ಸಾಯಿತು, ನಾಲಿಗೆ ಹೊರಳಲ್ಲ ಅಂತ ಲೆಕ್ಕ ಹಾಕಿ ಇಟ್ಟಿದ್ದರಾ? ನಾನು ಈ ಮನುಷ್ಯನಿಗಾಗಿ ಕನ್ನಡಿ ಮುಂದೆ ಎರಡು ಗಳಿಗೆ ಜಾಸ್ತಿ ನಿಲ್ಲುತ್ತಿದ್ದೆನಲ್ಲ...

ಏಳಕ್ಕೆ ಮುಂಚೆ ಎಲ್ಲರ ಎದುರಿಗೇ ಹೇಳಿದಳು. "ಎಲ್ಲರಿಗೂ ಹೇಗಿಡ್ತೀರೋ ನನಗೂ ಹಾಗೇ ಇಡಿ. ಪೂರ್ತಿ ಅಗಲ."

ಅವನು ಬಿಳಿಚಿಕೊಂಡ. "ಮೇಡಂ... ಬೇಡ. ಇವತ್ತೊಂದು ದಿನ ಹೀಗೇ ಇರಲಿ. ಆಮೇಲೆ ಮಾತಾಡೋಣ."

"ನಾನು ಓದಿದ ಹಾಗೆ ನೀವು ಬರಬೇಕು ಅಂತ ಮೊದಲನೇ ದಿನವೇ ಹೇಳಿದ್ದೆ."

ಸುತ್ತ ಸಂಪಾದಕರು, ಬೆಳಗಿನ ಹುಡುಗಿ, ಕ್ಯಾಮೆರಾದವರು. ಕೊಟ್ಟ ಮಾತು ಮುರಿಯುವಂತಿರಲಿಲ್ಲ. ಅವನ ಬೆರಳು ಮೆಲ್ಲಗೆ ಸಾಲನ್ನು ಅಗಲ ಮಾಡಿತು.

ಕೆಂಪು ದೀಪ ಹೊತ್ತಿತು. ಊರು ಕೂತು ಕಾಯುತ್ತಿತ್ತು.

"ನಮಸ್ಕಾರ," ಅಂದಳು ಅವಳು. ಅಷ್ಟು ಬಾಯಿಪಾಠ.

ಆಮೇಲೆ ಗಾಜಿನಲ್ಲಿ ಕಂಡದ್ದು ತಲೆಯೂ ಇಲ್ಲದ, ಕಾಲೂ ಇಲ್ಲದ ಪದಗಳು. ಮಧ್ಯದಲ್ಲೊಂದು ಹಿಡಿಯಷ್ಟು ಜಾಗ, ಅದರ ಎರಡೂ ಬದಿಗೆ ಕಪ್ಪೂ ಇಲ್ಲ, ಬಿಳುಪೂ ಇಲ್ಲ, ಏನೂ ಇಲ್ಲ. ಒಂದು ಸಾಲು ಓದಿದಳು. ಮುಂದಿನದಕ್ಕೆ ಹೋದರೆ ಅದೇ ಸಾಲು ಮತ್ತೆ ಬಾಯಿಗೆ ಬಂತು. ಇನ್ನೊಂದರ ಬಾಲ ಸಿಕ್ಕಿತು. ನಿಂತಳು.

"ಓದಿ ಅಕ್ಕ... ಓದಿ," ಎಂದು ಕಿವಿಯಲ್ಲಿ ಸಂಪಾದಕರ ಧ್ವನಿ.

ಊರಿನ ಪ್ರತಿ ಮನೆಯಲ್ಲೂ ಆ ಮೌನ ಬಿತ್ತು. ಯಾವ ಸತ್ತವರ ಹೆಸರೂ ಇಲ್ಲದೆ ಏಳು ಗಂಟೆ ಅಕ್ಕ ಸುಮ್ಮನಾದದ್ದು ಇದೇ ಮೊದಲು.

ಅಷ್ಟರಲ್ಲಿ ಸಾಲುಗಳು ತಾವಾಗಿ ಒಳಕ್ಕೆ ಸರಿದವು. ಎರಡು ಪದ, ಮತ್ತೆರಡು ಪದ. ಅವನ ಬೆರಳು ಅವಳ ಅಪ್ಪಣೆ ಮುರಿದಿತ್ತು. ಅವಳು ಓದಿ ಮುಗಿಸಿದಳು. "ನಾಳೆ ಏಳಕ್ಕೆ" ಎನ್ನುವಾಗ ಧ್ವನಿ ನಡುಗಿತು.

'ಬೇಕಂತಲೇ ಕಲಸಿಟ್ಟಿದ್ದಾನೆ,' ಎಂದಿತು ಅವಳ ಅವಮಾನ. 'ಹಠ ಮಾಡಿದೆ ಅಂತ ಪಾಠ ಕಲಿಸಿದ್ದಾನೆ.'

ಮೈಕ್ ಕಿತ್ತು ಮೇಜಿನ ಮೇಲೆ ಎಸೆದು, ಮೇಕಪ್ ಕೋಣೆಯಲ್ಲಿ ಕಾಯುತ್ತಿದ್ದ ಪುಟ್ಟಿಯ ಕೈ ಹಿಡಿದು ದುಡುದುಡು ಹೊರಟಳು. ಸಾಮಾನ್ಯವಾಗಿ ಅಣ್ಣ ಬಂದು ಕರೆದುಕೊಂಡು ಹೋಗುತ್ತಿದ್ದರು. ಆ ವಾರ ಅವರು ಊರಲ್ಲಿರಲಿಲ್ಲ. ಕಾರಿನ ಕೀಲಿ ಅವಳ ಕೈಯಲ್ಲಿತ್ತು.

ಆ ಕೀಲಿ ಅವನ ಕಣ್ಣಿಗೆ ಬಿತ್ತು. ಕುರ್ಚಿ ಉರುಳಿಸಿಕೊಂಡು ಎದ್ದ.

*

ಹಿತ್ತಿಲಲ್ಲಿ ಕಾರು ನಿಲ್ಲಿಸುವ ಜಾಗ. ಕಂಬದ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅವಳು ಕಾರು ಶುರು ಮಾಡಿದಳು, ಸ್ಟೀರಿಂಗ್ ಎಡಕ್ಕೆ ತಿರುಗಿಸಿದಳು, ಮುಂದಕ್ಕೆ ಬಿಟ್ಟಳು.

"ಅತ್ತೆ—"

ಬಾನೆಟ್ಟಿನ ಮೇಲೆ ಎರಡು ಅಂಗೈ ಧಡಾರನೆ ಬಿದ್ದವು. ಅವಳು ಬ್ರೇಕ್ ತುಳಿದಳು. ಕಾರಿನ ಮೂತಿ ಅವನ ಮೊಣಕಾಲಿಗೆ ತಾಗಿ ನಿಂತಿತು.

ಅವಳು ಬಾಗಿಲು ತೆರೆದಳು. "ಎಲ್ಲಿಂದ ನುಗ್ಗಿ ಬಂದ್ರಿ? ಕಣ್ಣು ಕಾಣಲ್ವಾ ನಿಮಗೆ?"

"ನನಗೆ ಕಾಣುತ್ತೆ ಮೇಡಂ." ಅವನ ಉಸಿರು ಸಿಕ್ಕಿಕೊಂಡಿತ್ತು. "ನಾನು ನುಗ್ಗಿ ಬರಲಿಲ್ಲ. ಇಲ್ಲೇ, ನಿಮ್ಮ ಎಡಗಡೆ ನಿಂತಿದ್ದೆ. ಕೈ ಬೀಸ್ತಾ ನಿಂತಿದ್ದೆ."

"ಸುಳ್ಳು."

"ಹೌದು ಅತ್ತೆ," ಹಿಂದಿನ ಸೀಟಿನಿಂದ ಪುಟ್ಟಿ ಅಳುದನಿಯಲ್ಲಿ ಹೇಳಿದಳು. "ಮಾಮ ಅಲ್ಲೇ ಇದ್ರು. ನೀವು ಅವರ ಕಡೆಗೇ ಬಿಟ್ರಿ."

ಅವಳು ಅವನನ್ನು ನೋಡಿದಳು. ಮಗುವನ್ನು ನೋಡಿದಳು. ಇಬ್ಬರನ್ನೂ ಒಟ್ಟಿಗೆ ನೋಡಲಾಗಲಿಲ್ಲ, ಕತ್ತು ತಿರುಗಿಸಬೇಕಾಯಿತು. ಇಷ್ಟು ದಿನ ತಾನು ಹಾಗೆಯೇ ಕತ್ತು ತಿರುಗಿಸುತ್ತಿದ್ದೆ ಎಂದು ಆಗ ಹೊಳೆಯಿತು.

"ಡಾಕ್ಟರು ಗಾಡಿ ಓಡಿಸೋಕೆ ಬಿಟ್ಟಿದ್ದಾರಾ?" ಅವನು ಕೇಳಿದ. "ಇಂಥ ಕಣ್ಣಿಟ್ಟುಕೊಂಡು?"

"ಯಾವ ಡಾಕ್ಟರು?"

"ಅವತ್ತು ಆಸ್ಪತ್ರೆ ಹತ್ತಿರ... ಕಡತ ಹಿಡ್ಕೊಂಡು..."

"ಅದು ಅತ್ತಿಗೆಯ ಅಮ್ಮನದು. ನನ್ನ ಕಣ್ಣಿಗೇನಾಗಿದೆ?"

ಅವನು ಕಾರಿನ ಮೇಲೆ ಕೈಯೂರಿ ನಿಂತ.

"ನಿಮಗೆ... ಗೊತ್ತೇ ಇರಲಿಲ್ವಾ?"

*

ಕಣ್ಣಿನ ಡಾಕ್ಟರು ಅವಳನ್ನು ದಿನವೂ ಟೀವಿಯಲ್ಲಿ ನೋಡುವವರು. ಅದಕ್ಕೇ ಇರಬೇಕು, ಹೇಳುವಾಗ ಅವರ ಮುಖವೂ ಬಾಡಿತ್ತು.

"ಗ್ಲಾಕೋಮಾ ಅಂತಾರೆ ಇದಕ್ಕೆ. ನೋವಿರಲ್ಲ, ಕೆಂಪಾಗಲ್ಲ. ಅಂಚಿಂದ ಒಳಗೆ ತಿನ್ಕೊಂಡು ಬರುತ್ತೆ. ನೇರ ನೋಟ ಹೋಗೋದು ಕಟ್ಟಕಡೆಗೆ. ಹೋಗಿರೋದು ವಾಪಸ್ ಬರಲ್ಲ ಅಕ್ಕ. ಆಪರೇಷನ್ ಮಾಡಿ, ದಿನಾ ಔಷಧಿ ಹನಿ ಹಾಕ್ಕೊಂಡು, ಉಳಿದದ್ದನ್ನ ಉಳಿಸ್ಕೊಳ್ಳೋಕೆ ನೋಡೋಣ."

"ಮುಂಚೆ ಬಂದಿದ್ರೆ?"

"ಒಂದು ವರ್ಷ ಮುಂಚೆ ಬಂದಿದ್ರೆ ತುಂಬ ಉಳಿಸಬಹುದಿತ್ತು. ಓದೋದೇ ನಿಮ್ಮ ಕೆಲಸ. ಸಾಲು ತಪ್ಪಿದಾಗಲಾದ್ರೂ ನಿಮಗೆ ಅನುಮಾನ ಬರಬೇಕಿತ್ತಲ್ಲ?"

"ಸಾಲು ತಪ್ಪಲೇ ಇಲ್ಲ ಡಾಕ್ಟರೇ," ಅಂದಳು ಅವಳು.

ಹೊರಗಿನ ಬೆಂಚಿನಲ್ಲಿ ಅವನು ಕಾಯುತ್ತಿದ್ದ. ಎದ್ದು ನಿಂತ.

"ನನ್ನ ಕಣ್ಣು ಹೋಗ್ತಿದೆ ಅಂತ ನನಗಿಂತ ಮೊದಲು ನಿಮಗೆ ಗೊತ್ತಿತ್ತು," ಅಂದಳು. ಕೂಗಲಿಲ್ಲ. ಸುದ್ದಿ ಓದುವ ಧ್ವನಿಯಲ್ಲೇ ಹೇಳಿದಳು, ಅದರಿಂದ ಅವನಿಗೆ ಇನ್ನೂ ಭಯವಾಯಿತು. "ದಿನಾ ಎದುರಿಗೆ ಕೂತು ನೋಡಿದ್ರಿ. ನಿಮ್ಮ ಕರುಣೆಯಿಂದ ನಾನು ಕುರುಡಿ ಆಗ್ತಿದ್ದೆ. ಪುಟ್ಟಿ ಕಾರಲ್ಲಿದ್ಲು..."

"ಮೇಡಂ, ನಾನು—"

"ಹೋಗಿ. ನನ್ನ ಕಣ್ಣೆದುರಿಗೆ ಬರಬೇಡಿ."

ಅವನು ಹೋದ. ಮರುದಿನ ಕೆಲಸವನ್ನೂ ಬಿಟ್ಟ.

*

ಆಪರೇಷನ್ ಆಯಿತು. ಅವಳು ಮತ್ತೆ ಏಳರ ಕುರ್ಚಿಗೆ ಬಂದಳು. ಸಂಪಾದಕರು ಮುಜುಗರದಿಂದಲೇ, "ನಿಮ್ಮಿಂದ ಆಗುವಷ್ಟು ದಿನ ಈ ಕುರ್ಚಿ ನಿಮ್ಮದೇ" ಅಂದರು. ಆಗುವಷ್ಟು ದಿನ... ಆ ಮಾತು ರಾತ್ರಿ ನಿದ್ದೆಯಲ್ಲೂ ಅವಳನ್ನು ಬಿಡಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಎರಡೂ ಕೈ ಅಗಲಿಸಿ, ಬೆರಳುಗಳು ಎಲ್ಲಿಂದ ಕಾಣುತ್ತವೆ ಎಂದು ನೋಡಿಕೊಳ್ಳುವುದು ಅಭ್ಯಾಸವಾಯಿತು. ಕೆಲವು ದಿನ ಬೆರಳು ನಿನ್ನೆಗಿಂತ ಒಳಗೆ ಬಂದ ಮೇಲೆ ಕಂಡಂತಾಗುತ್ತಿತ್ತು. ನಿಜವೋ ಹೆದರಿಕೆಯೋ ತಿಳಿಯುತ್ತಿರಲಿಲ್ಲ.

ಊರಿಗೆ ಅವಳೇ ಹೇಳಿದಳು, ಸುದ್ದಿಯ ಕೊನೆಯಲ್ಲಿ. "ನನ್ನ ನೋಟ ಕಿರಿದಾಗಿದೆ. ನೀವೂ ಒಮ್ಮೆ ಕಣ್ಣು ತೋರಿಸಿಕೊಳ್ಳಿ. ನೋವಿಲ್ಲ ಅಂತ ಸುಮ್ಮನಿರಬೇಡಿ." ಹಾಸಿಗೆ ಹಿಡಿದವರು ಆ ಸಂಜೆಯೂ "ಆಗಲಿ ಮಗಳೇ" ಅಂದರು. ಅತ್ತರಂತೆ ಕೂಡ.

ತಿರುಗಣಿಗೆ ಹೊಸಬನೊಬ್ಬ ಬಂದಿದ್ದ. ಜಾಣ. ಸಾಲಿಗೆ ಎರಡೇ ಪದ ಇಡು ಅಂದರೆ ಇಟ್ಟ. ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ.

ಒಂದು ಸಂಜೆ ಹಳೆಯ ಶಾಲೆಯ ಮೇಷ್ಟರು ತೀರಿಕೊಂಡ ಸುದ್ದಿ ಬಂತು. ಅವಳಿಗೆ ಅಕ್ಷರ ಕಲಿಸಿದವರು. ಹೆಸರಿನ ಮೇಲೆ ಅವಳು ನಿಂತಳು.

ಗಾಜು ನಿಲ್ಲಲಿಲ್ಲ.

ಹೆಸರು ಮೇಲಕ್ಕೆ ಹತ್ತಿ ಕಾಣದಾಯಿತು. ಅದರ ಹಿಂದೆಯೇ ತರಕಾರಿ ದರ ಬಂತು. ಅವಳು ಓಡಿ ಓಡಿ ಸಾಲು ಹಿಡಿದಳು, ಮುಗಿಸಿದಳು, ಮೇಕಪ್ ಕೋಣೆಗೆ ಬಂದು ಕೂತು ಅತ್ತಳು.

ಬಣ್ಣದಮ್ಮ ಹತ್ತಿಯಿಂದ ಅವಳ ಕೆನ್ನೆ ಒರೆಸಿದಳು. "ಕೋಪ ಇಳೀತಾ?"

"ಇಲ್ಲ."

"ಮತ್ತೆ ಯಾಕೆ ಅಳು?"

"ಕೋಪ ಮಾಡ್ಕೊಳೋಕೂ ಎದುರಿಗೆ ಯಾರೂ ಇಲ್ಲ ಬಣ್ಣದಮ್ಮ..."

ಬಣ್ಣದಮ್ಮ ಹತ್ತಿ ಬಿಸಾಡಿದಳು. "ಗಡಿಯಾರದ ಅಂಗಡಿ ಬೀದಿ. ಅಂಗಡಿ ತಿರುಗಣಿ ಸಾಹೇಬರ ಅಣ್ಣನದು, ಮೇಲೆ ಸಾಹೇಬರ ಕೋಣೆ. ಮೆಟ್ಟಿಲು ಕಡಿದು, ಹುಷಾರಾಗಿ ಹತ್ತು."

*

ಭಾನುವಾರ ಬೆಳಗ್ಗೆ ಅವನು ಮೇಜಿನ ಮೇಲೆ ಬಿಚ್ಚಿದ ಗಡಿಯಾರದ ಮುಂದೆ ಕೂತಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಒಂದು ಹೆಜ್ಜೆ, ತಡವರಿಕೆ, ಗೋಡೆ ಸವರುವ ಸದ್ದು, ಇನ್ನೊಂದು ಹೆಜ್ಜೆ. ಆ ತಡವರಿಕೆ ಯಾರದೆಂದು ಇಡೀ ಊರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಎದ್ದು ಓಡುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು.

"ಕ್ಷಮಿಸಿದ್ದೀನಿ ಅಂತ ಹೇಳೋಕೆ ಬಂದಿಲ್ಲ," ಅಂದಳು ಮೊದಲೇ.

"ಕ್ಷಮಿಸೋ ಅಂಥ ಕೆಲಸ ನಾನು ಮಾಡಿಲ್ಲ ಮೇಡಂ."

"ಯಾಕೆ ಹೇಳಲಿಲ್ಲ? ಒಂದು ಸಲ... ಒಂದೇ ಸಲ ನೇರವಾಗಿ ಯಾಕೆ ಕೇಳಲಿಲ್ಲ?"

ಅವನು ಕೈಯಲ್ಲಿದ್ದ ಗಡಿಯಾರವನ್ನು ಕೆಳಗಿಟ್ಟ.

"ಮಾತು ಕೊಟ್ಟಿದ್ದೆ ಅಂತ ನನಗೆ ನಾನೇ ಹೇಳ್ಕೋತಿದ್ದೆ. ಅದು ಪೂರ್ತಿ ನಿಜ ಅಲ್ಲ." ಅವನ ಧ್ವನಿ ತಗ್ಗಿತು. "ಕೇಳಿದ್ರೆ ನೀವು ರಜ ಹಾಕ್ತಿದ್ರಿ. ಕುರ್ಚಿ ಬಿಡ್ತಿದ್ರೋ ಏನೋ. ಸಂಜೆ ಏಳಕ್ಕೆ ನೀವು ಎದುರಿಗೆ ಕೂರಲ್ಲ ಅನ್ನೋದನ್ನ ನೆನೆಸಿಕೊಳ್ಳೋಕೆ ಆಗಲಿಲ್ಲ. ಇಡೀ ದಿನದಲ್ಲಿ ನನಗಿದ್ದಿದ್ದು ಅದೊಂದೇ ಹೊತ್ತು. ನಾನು ನಿಮ್ಮನ್ನ ಪ್ರೀತಿಸ್ತೀನಿ. ಅದಕ್ಕೇ ನಿಮ್ಮ ಕಣ್ಣು ಹಾಳಾಯ್ತು."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇಷ್ಟು ದಿನ ಕೇಳಬೇಕೆಂದಿದ್ದ ಮಾತು. ಇಷ್ಟು ಕೆಟ್ಟದಾಗಿ ಕೇಳಬೇಕಾಯಿತು.

"ನಾನೂ ನಿಮ್ಮನ್ನೇ ಯೋಚಿಸ್ತಾ ಎಡವುತ್ತಿದ್ದೀನಿ ಅಂದ್ಕೊಂಡಿದ್ದೆ," ಅಂದಳು ಕೊನೆಗೆ. "ಎಷ್ಟು ದಡ್ಡಿ ನೋಡಿ. ಕಣ್ಣು ಹೋಗ್ತಿದ್ರೆ ಪ್ರೀತಿ ಅಂದ್ಕೊಂಡೆ."

ಅವನ ಕಣ್ಣು ತುಂಬಿತು. ಅವಳದ್ದೂ.

"ಒಂದಿನ ಎರಡು ಪದವೂ ಕಾಣದೆ ಹೋದ್ರೆ?" ಕೇಳಿದಳು. ಯಾರ ಮುಂದೆಯೂ ಆಡದ ಭಯ ಅದು.

"ಒಂದೇ ಪದ ಇಡ್ತೀನಿ."

"ಅದೂ ಹೋದ್ರೆ?"

ಅವನು 'ಅದು ಹೋಗಲ್ಲ' ಅನ್ನಲಿಲ್ಲ. "ಆಗ ಕಿವಿಯಲ್ಲಿ ಹೇಳ್ತೀನಿ. ನಾನು ಹೇಳಿದ ಹಿಂದೆ ನೀವು ಬನ್ನಿ."

"ಒಂದು ಷರತ್ತು. ಇನ್ನು ಮುಂದೆ ನನಗೆ ಏನು ಕಾಣ್ತಿಲ್ಲ ಅನ್ನೋದನ್ನ ಮೊದಲು ನನಗೇ ಹೇಳಬೇಕು. ಎಷ್ಟು ನೋವಾದ್ರೂ ಸರಿ."

"ಹೇಳ್ತೀನಿ." ಅವನು ಅವಳ ಕೈಯ ಕಡೆ ನೋಡಿದ. "ನಿಮ್ಮ ಎಡಗಡೆ ಸ್ಟೂಲ್ ಮೇಲೆ ಬಿಸಿ ಚಹಾ ಇದೆ. ಕೈ ಇನ್ನೊಂಚೂರು ಹಿಂದಕ್ಕೆ ಹೋದ್ರೆ ಸುಡುತ್ತೆ."

ಅವಳು ಕತ್ತು ತಿರುಗಿಸಿ ನೋಡಿದಳು. ಇತ್ತು. ಅಳುವಿನ ನಡುವೆಯೇ ನಗು ಬಂತು.

"ಸಂಪಾದಕರಿಗೆ ನಾನು ಹೇಳ್ತೀನಿ. ನಾಳೆ ಏಳಕ್ಕೆ ಬರ್ತೀರಾ?"

"ಬರ್ತೀನಿ ಮೇಡಂ."

"ಮೇಡಂ ಬೇಡ."

"ಮತ್ತೆ ಏನಂತ ಕರೀಲಿ?"

"ಅಕ್ಕ ಅನ್ನೋದೊಂದು ಬಿಟ್ಟು ಏನಾದ್ರೂ ಕರೀರಿ."

ಅವನು ನಕ್ಕದ್ದನ್ನು ಅವಳು ಅಷ್ಟು ಹತ್ತಿರದಿಂದ ಹಿಂದೆಂದೂ ನೋಡಿರಲಿಲ್ಲ. ನೇರ ಎದುರಿಗಿದ್ದ, ಪೂರ್ತಿ ಕಂಡ.

ಹೊರಡಲು ಇಬ್ಬರೂ ಬಾಗಿಲ ಹೊರಗೆ ಬಂದರು. ಕೆಳಗೆ ಕಡಿದಾದ ಮೆಟ್ಟಿಲುಗಳು ಕತ್ತಲೆಗೆ ಇಳಿದಿದ್ದವು. ಅವನು ಅಭ್ಯಾಸದಂತೆ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.

"ಉಹೂಂ," ಅಂದಳು ಅವಳು. ಕೈ ಚಾಚಿ ಅವನ ಭುಜ ಹುಡುಕಿ ಹಿಡಿದಳು. "ಇವತ್ತು ನೀವು ಮುಂದೆ ನಡೀರಿ. ನಾನು ಹಿಂದೆ ಬರ್ತೀನಿ."

ಅವನು ಒಂದು ಮೆಟ್ಟಿಲಿಳಿದು ನಿಂತ.

"ಇಲ್ಲಿ ಒಂದು ಮೆಟ್ಟಿಲು ಮುರಿದಿದೆ. ಕಾಣ್ತಿದೆಯಾ?"

ಅವಳು ಬಾಯಿ ತೆರೆದಳು. ಕಾಣ್ತಿದೆ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು.

"ಇಲ್ಲ," ಅಂದಳು. "ಕಾಣ್ತಿಲ್ಲ. ನಿಲ್ಲಿ."

ಅವನು ನಿಂತ.